ವಿಸ್ಕಿಯಲ್ಲಿ ಹಲಸಿನ ಹಣ್ಣಿನ ಪರಿಮಳ ಎಲ್ಲಿಂದ ಬಂತು?

ಒಳ್ಳೆಯ ಸಿಂಗಲ್ ಮಾಲ್ಟ್ (ಒಂದೇ ಕಾರ್ಖಾನೆಯಲ್ಲಿ, ಮೊಳಕೆ ಬರಿಸಿದ ಬಾರ್ಲಿಯಿಂದ ಮಾಡಿದ ವಿಸ್ಕಿ) ಬಾಟಲಿಯ ಹಿಂದಿನ ಚೀಟಿ ಓದಿ ನೋಡಿ. ವೆನಿಲಾ, ಬಾಳೆಹಣ್ಣು, ಒಣದ್ರಾಕ್ಷಿ, ಲವಂಗ, ಹೊಗೆ ಅಂತೆಲ್ಲ ಬರೆದಿರುತ್ತದೆ. ಶಿವಮೊಗ್ಗದಲ್ಲಿ ವಿಸ್ಕಿ ಇಷ್ಟಪಡುವ ನಾಲ್ಕು ಜನ ಒಂದು ಕಡೆ ಕೂತರೆ ಈ ಚೀಟಿಯ ಬಗ್ಗೆ ಎರಡು ಪ್ರಶ್ನೆ ಬಂದೇ ಬರುತ್ತವೆ. ಇದನ್ನೆಲ್ಲ ಒಳಗೆ ಹಾಕಿದ್ದಾರಾ? ಹಾಕಿಲ್ಲ ಅಂದರೆ, ಮಾರೋದಕ್ಕೆ ಸುಮ್ನೆ ಬರೆದದ್ದಾ?

ಹಾಕಿಲ್ಲ. ಸುಮ್ನೆ ಬರೆದದ್ದೂ ಅಲ್ಲ. ಸ್ಕಾಚ್ ಮಾಲ್ಟ್, ಅಂದರೆ ಸ್ಕಾಟ್ಲೆಂಡಿನ ಮಾಲ್ಟ್ ವಿಸ್ಕಿ ಮಾಡಲು ಬಳಸುವುದು ಮೊಳಕೆ ಬರಿಸಿದ ಬಾರ್ಲಿ, ನೀರು ಮತ್ತು ಯೀಸ್ಟ್ ಮಾತ್ರ. ಆಮೇಲೆ ಅದು ಓಕ್ ಮರದ ಪೀಪಾಯಿಯಲ್ಲಿ ಕೂರಬೇಕು. ಇದರ ಮೇಲೆ ಕಾನೂನು ಬಿಡುವುದು ನೀರು ಮತ್ತು ಬಣ್ಣಕ್ಕೆ ಒಂಚೂರು ಕ್ಯಾರಮೆಲ್, ಅಷ್ಟೇ. ಆದರೂ ಗ್ಲಾಸಿಗೆ ಮೂಗು ಹಿಡಿದರೆ ಲವಂಗ ನಿಜಕ್ಕೂ ಇರುತ್ತದೆ. ಲವಂಗದಲ್ಲಿರುವ ಅದೇ ರಾಸಾಯನಿಕ ಓಕ್ ಮರದಲ್ಲೂ ಇದೆ. ಹೀಗೆ ವಿಸ್ಕಿಯ ಒಂದೊಂದು ಪರಿಮಳಕ್ಕೂ ಒಂದು ಮೂಲ ಇದೆ. ಅದು ಧಾನ್ಯದಿಂದ ಬಂತಾ, ಹೊಗೆಯಿಂದ ಬಂತಾ, ಹುದುಗಿನಿಂದ ಬಂತಾ, ಮರದಿಂದ ಬಂತಾ ಅಂತ ಗೊತ್ತಾದರೆ ಕುಡಿಯುವ ಸುಖ ಬೇರೆಯೇ. ಇದಕ್ಕೆ ಬೇಕಾದ ಮೂಗು ಮಲೆನಾಡಿನಲ್ಲಿ ಬೆಳೆದ ಎಲ್ಲರಿಗೂ ಇದೆ ಅನ್ನುವುದು ನನ್ನ ನಂಬಿಕೆ.

ಹೆಚ್ಚಿನ ಕೆಲಸ ಮೂಗಿನದು

ನಾಲಿಗೆಗೆ ಗೊತ್ತಾಗುವುದು ಸಿಹಿ, ಹುಳಿ, ಉಪ್ಪು, ಕಹಿ ಮತ್ತು ಮಾಂಸದ ಸಾರಿನಲ್ಲಿ ಸಿಗುವ ಉಮಾಮಿ ಎಂಬ ರುಚಿ. ಉಳಿದದ್ದೆಲ್ಲ ಮೂಗಿನ ಕೆಲಸ. ನಂಬಿಕೆ ಬರದಿದ್ದರೆ ಮೂಗನ್ನು ಗಟ್ಟಿಯಾಗಿ ಹಿಡಿದುಕೊಂಡು ಎರಡು ಕಾಳು ಏಲಕ್ಕಿ ಜಗಿಯಿರಿ. ಬಾಯಲ್ಲಿ ಸ್ವಲ್ಪ ಕಹಿ, ಸ್ವಲ್ಪ ತಂಪು. ಏಲಕ್ಕಿ ಅಂತ ಗೊತ್ತೇ ಆಗುವುದಿಲ್ಲ. ಈಗ ಮೂಗು ಬಿಡಿ. ಒಮ್ಮೆಲೇ ಪರಿಮಳ ನುಗ್ಗುತ್ತದೆ. ಬಾಯಿಯ ಹಿಂಭಾಗದಿಂದ ಮೂಗಿಗೆ ಒಂದು ದಾರಿ ಇದೆ. ಜಗಿದಾಗ, ನುಂಗಿದಾಗ ಪರಿಮಳ ಆ ದಾರಿಯಲ್ಲಿ ಮೇಲೆ ಹೋಗುತ್ತದೆ. ವಿಸ್ಕಿ ನುಂಗಿದ ಮೇಲೆ ಬಾಯಿ ಮುಚ್ಚಿ ಮೂಗಿನಿಂದ ನಿಧಾನಕ್ಕೆ ಉಸಿರು ಬಿಡಿ ಅಂತ ಹೇಳುವುದು ಇದಕ್ಕೇ.

ಮನುಷ್ಯರ ಮೂಗಿನಲ್ಲಿ ವಾಸನೆ ಹಿಡಿಯುವ ಗ್ರಾಹಕಗಳು ಸುಮಾರು 400 ಬಗೆಯವು. ಇವು ಕೆಲಸ ಮಾಡುವ ರೀತಿಯನ್ನು ಬಿಡಿಸಿ ತೋರಿಸಿದ್ದಕ್ಕೆ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಅವರಿಗೆ 2004ರಲ್ಲಿ ನೊಬೆಲ್ ಬಂತು. ಒಂದೇ ವಾಸನೆ ಹಲವು ಗ್ರಾಹಕಗಳನ್ನು ಒಟ್ಟಿಗೆ ಎಬ್ಬಿಸುತ್ತದೆ. ಯಾವ್ಯಾವುದು ಎದ್ದಿತು ಅನ್ನುವುದನ್ನು ನೋಡಿ ಮಿದುಳು ಅದನ್ನು ಗುರುತಿಸುತ್ತದೆ. ಗ್ರಾಹಕಗಳು ಎಲ್ಲರಲ್ಲೂ ಒಂದೇ ರೀತಿ ಇರುವುದಿಲ್ಲ, ಹಿಂದೆ ಮೂಸಿದ ನೆನಪುಗಳಂತೂ ಒಬ್ಬೊಬ್ಬರದು ಒಂದೊಂದು. ಹಾಗಾಗಿ ಒಂದೇ ಬಾಟಲಿಯಿಂದ ಸುರಿದರೂ ಒಬ್ಬರಿಗೆ ಖರ್ಜೂರ, ಇನ್ನೊಬ್ಬರಿಗೆ ಹುಣಸೆ. ಇಬ್ಬರಲ್ಲಿ ಯಾರೂ ಸುಳ್ಳು ಹೇಳುತ್ತಿರುವುದಿಲ್ಲ.

ಒಂದು ವಿಷಯ ಮಾತ್ರ ಬೇರೆ ಇಟ್ಟುಕೊಳ್ಳಬೇಕು. ಗ್ಲಾಸಿಗೆ ಮೂಗು ತೂರಿಸಿದಾಗ ಚುರುಕ್ ಅನ್ನುವ ಘಾಟು ಇದೆಯಲ್ಲ, ಅದು ವಾಸನೆಯೇ ಅಲ್ಲ. ಆಲ್ಕೋಹಾಲ್ ಮೂಗಿನ ನೋವಿನ ನರವನ್ನು ಕೆಣಕುವುದು ಅದು. ಮೆಣಸಿನಕಾಯಿ ಹುರಿದಾಗ ಮೂಗು ಉರಿಯುವುದೂ ಅದೇ ನರದಿಂದ. ವಿಸ್ಕಿ ಅಂದರೆ ಬರೀ ಘಾಟು ಅನ್ನುವವರು ಈ ಬಾಗಿಲಲ್ಲೇ ನಿಂತಿರುತ್ತಾರೆ. ಇದನ್ನು ದಾಟುವ ಉಪಾಯ ಮುಂದೆ ಹೇಳುತ್ತೇನೆ.

ಧಾನ್ಯ, ಹೊಗೆ, ಹುದುಗು

ಮಕ್ಕಳಿಗೆ ರಾಗಿ ನೆನೆಹಾಕಿ, ಮೊಳಕೆ ಬರಿಸಿ, ಒಣಗಿಸಿ, ಹುರಿದು ಹಿಟ್ಟು ಮಾಡುತ್ತೇವಲ್ಲ, ಮಾಲ್ಟ್ ಅಂದರೆ ಅದೇ ಕೆಲಸ. ಇಲ್ಲಿ ಧಾನ್ಯ ಬಾರ್ಲಿ. ಮೊಳಕೆ ಒಡೆದಾಗ ಕಾಳಿನೊಳಗಿನ ಪಿಷ್ಟವನ್ನು ಸಕ್ಕರೆ ಮಾಡುವ ಕಿಣ್ವಗಳು ಹುಟ್ಟುತ್ತವೆ. ಮೊಳಕೆ ಜಾಸ್ತಿ ಬೆಳೆಯುವ ಮೊದಲೇ ಬಿಸಿ ಗಾಳಿಯಲ್ಲಿ ಒಣಗಿಸಿ ನಿಲ್ಲಿಸುತ್ತಾರೆ. ಬಿಸ್ಕತ್ತು, ಹುರಿಹಿಟ್ಟು, ಸ್ವಲ್ಪ ಬಾದಾಮಿಯಂಥ ಬೀಜದ ಪರಿಮಳ ಬರುವುದು ಈ ಹಂತದಲ್ಲಿ.

ಹೊಗೆ ಬರುವುದೂ ಇಲ್ಲೇ. ಸ್ಕಾಟ್ಲೆಂಡಿನಲ್ಲಿ, ಮುಖ್ಯವಾಗಿ ಐಲಾ ದ್ವೀಪದಲ್ಲಿ, ಮಾಲ್ಟ್ ಒಣಗಿಸುವಾಗ ಪೀಟ್ ಸುಡುತ್ತಾರೆ. ಪೀಟ್ ಅಂದರೆ ಜೌಗು ನೆಲದಲ್ಲಿ ಪಾಚಿ, ಗಿಡ, ಬೇರು ಸಾವಿರಾರು ವರ್ಷ ಅರೆಕೊಳೆತು ಕಟ್ಟಿದ ಕಪ್ಪು ಮಣ್ಣು. ಅದನ್ನು ಇಟ್ಟಿಗೆಯ ಆಕಾರಕ್ಕೆ ಕತ್ತರಿಸಿ ಒಣಗಿಸಿ ಉರಿಸುತ್ತಾರೆ. ಅದರ ಹೊಗೆಯಲ್ಲಿರುವ, ಹೊಗೆಗೆ ವಾಸನೆ ಕೊಡುವ ಫೀನಾಲ್‌ಗಳು ಒದ್ದೆ ಕಾಳಿಗೆ ಅಂಟಿಕೊಳ್ಳುತ್ತವೆ. ಎಷ್ಟು ಅಂಟಿತು ಅನ್ನುವುದನ್ನು ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ ಎಷ್ಟು ಭಾಗ ಅಂತ ಅಳೆಯುತ್ತಾರೆ. ಐಲಾದ ಆರ್ಡ್‌ಬೆಗ್ ಎಂಬ ವಿಸ್ಕಿಯ ಮಾಲ್ಟ್ ಸುಮಾರು 50ರಿಂದ 55 ಪಿಪಿಎಂ. ಈ ಲೆಕ್ಕ ಮಾಲ್ಟಿನದು, ಬಾಟಲಿಯದಲ್ಲ. ಭಟ್ಟಿ ಇಳಿಸುವಾಗಲೂ ಪೀಪಾಯಿಯಲ್ಲಿ ಕೂತಾಗಲೂ ಹೊಗೆ ಕಡಿಮೆ ಆಗುತ್ತಾ ಹೋಗುತ್ತದೆ.

ಹೊಗೆಯ ವಿಷಯದಲ್ಲಿ ನಮ್ಮ ಕಡೆಯವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಅಡಿಕೆ ಸಿಪ್ಪೆ ಉರಿಯುವ ಬಚ್ಚಲ ಒಲೆಯ ಹೊಗೆ ಬೇರೆ, ಆಲೆಮನೆಯಲ್ಲಿ ಕಬ್ಬಿನ ಸಿಪ್ಪೆಯ ಹೊಗೆ ಬೇರೆ, ಮಳೆಗಾಲದ ಹಸಿ ಸೌದೆಯ ಹೊಗೆ ಬೇರೆ. ಕಣ್ಣು ಮುಚ್ಚಿದರೂ ಹೇಳುತ್ತೇವೆ. ಮರ ಸುಟ್ಟಾಗ, ಅದಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಒಡೆದು ಗ್ವಾಯಕಾಲ್ ಎಂಬ ವಸ್ತು ಹುಟ್ಟುತ್ತದೆ. ಒಲೆ ಹೊಗೆಯ ಮುಖ್ಯ ಪರಿಮಳ ಅದರದ್ದೇ. ಪೀಟ್ ಹೊಗೆಯಲ್ಲೂ ಅದು ಇದೆ. ಆದರೆ ಅದರ ಜೊತೆಗೆ ಕ್ರೆಸಾಲ್‌ಗಳೂ ಇರುತ್ತವೆ, ನೆಲ ಒರೆಸುವ ಕಪ್ಪು ಫಿನಾಯಿಲಿನಲ್ಲಿ ಇರುವಂಥವು. ಐಲಾದ ಇನ್ನೊಂದು ವಿಸ್ಕಿ ಲಫ್ರಾಯ್ಗ್ ಮೊದಲ ಸಲ ಮೂಸಿದವರು 'ಇದೇನು ಆಸ್ಪತ್ರೆ ವಾಸನೆ' ಅಂತ ಮುಖ ಹಿಂಡುವುದು ಅದಕ್ಕೇ. ಅವರ ಮೂಗು ಸರಿಯಾಗಿಯೇ ಹೇಳಿದೆ. ಆದ್ದರಿಂದ ಒಂದು ವಿಸ್ಕಿಯ ಬಗ್ಗೆ ಬರೆಯುವಾಗ 'ಹೊಗೆ ಇದೆ' ಅಂತ ಬಿಟ್ಟರೆ ಅರ್ಧ ಹೇಳಿದಂತೆ. ಒಲೆ ಹೊಗೆಯೋ, ಆಸ್ಪತ್ರೆಯೋ, ಆರಿದ ಬೂದಿಯೋ, ಒಣಮೀನು ಸುಟ್ಟ ಹೊಗೆಯೋ ಅಂತ ಹೇಳಿದರೆ ಓದಿದವರಿಗೆ ಆ ಬಾಟಲಿ ತಮಗೆ ಆಗುತ್ತದೋ ಇಲ್ಲವೋ ಗೊತ್ತಾಗುತ್ತದೆ.

ಮಾಲ್ಟನ್ನು ಪುಡಿ ಮಾಡಿ ಬಿಸಿನೀರಿಗೆ ಹಾಕಿ ಸಿಹಿ ರಸ ತೆಗೆಯುತ್ತಾರೆ. ಅದಕ್ಕೆ ಯೀಸ್ಟ್ ಹಾಕಿದರೆ ಎರಡರಿಂದ ನಾಲ್ಕು ದಿನ ಹುಳಿಯುತ್ತದೆ. ಯೀಸ್ಟ್ ಸಕ್ಕರೆಯನ್ನು ಆಲ್ಕೋಹಾಲ್ ಮಾಡುತ್ತದೆ ಅಂತ ಶಾಲೆಯಲ್ಲಿ ಓದಿದ್ದೇವೆ. ರುಚಿಯ ಮಟ್ಟಿಗೆ ಅದಕ್ಕಿಂತ ದೊಡ್ಡ ವಿಷಯ ಅದು ಮಾಡುವ ಎಸ್ಟರ್‌ಗಳು. ಹಣ್ಣುಗಳಿಗೆ ಪರಿಮಳ ಕೊಡುವುದೂ ಎಸ್ಟರ್‌ಗಳೇ. ಐಸೋಅಮೈಲ್ ಅಸಿಟೇಟ್ ಅನ್ನುವುದು ಬಾಳೆಹಣ್ಣಿನ ಮುಖ್ಯ ಪರಿಮಳ. ಹಲಸಿನ ಹಣ್ಣಿನಲ್ಲೂ ಅದು ಧಾರಾಳವಾಗಿದೆ. ಅದೇ ವಸ್ತುವನ್ನು ಯೀಸ್ಟ್ ಬಾರ್ಲಿ ರಸದಲ್ಲೂ ಮಾಡುತ್ತದೆ. ಈಥೈಲ್ ಹೆಕ್ಸನೋಯೇಟ್ ಸೇಬು, ಅನಾನಸ್ ಕಡೆಯದು. ಒಬ್ಬರಿಗೆ ವಿಸ್ಕಿಯಲ್ಲಿ ಬಿರಿದ ಹಲಸಿನ ಹಣ್ಣು ಕಂಡರೆ ಅದು ಕಲ್ಪನೆ ಅಲ್ಲ, ಹಣ್ಣಿನಲ್ಲಿದ್ದ ಅಣುವೇ ಗ್ಲಾಸಿನಲ್ಲೂ ಇದೆ. ಯುರೋಪಿನವರು ಅದನ್ನು ಬಾಳೆಹಣ್ಣು, ಪೇರ್ ಹಣ್ಣಿನ ಮಿಠಾಯಿ ಅಂತ ಬರೆಯುತ್ತಾರೆ. ಅವರು ಹಲಸು ತಿಂದು ಬೆಳೆದವರಲ್ಲ. ನಾವು ತಿಂದಿದ್ದೇವೆ, ಹಾಗೆಂದೇ ಬರೆಯಬೇಕು. ಹುಳಿಯುವ ಸಮಯ ಉದ್ದ ಆದಷ್ಟೂ ಸಾಮಾನ್ಯವಾಗಿ ಹಣ್ಣಿನ ಪರಿಮಳ ಹೆಚ್ಚುತ್ತದೆ. ಅವಸರ ಮಾಡಿದರೆ ಧಾನ್ಯದ, ಬೀಜದ ಪರಿಮಳ ಮೇಲುಗೈ ಆಗುತ್ತದೆ.

ಭಟ್ಟಿ ಇಳಿಸುವುದನ್ನು ಬೇಗ ಹೇಳಿ ಮುಗಿಸುತ್ತೇನೆ. ತಾಮ್ರದ ಹಂಡೆಯಲ್ಲಿ ಸಾಮಾನ್ಯವಾಗಿ ಎರಡು ಸಲ ಇಳಿಸುತ್ತಾರೆ. ತಾಮ್ರವೇ ಏಕೆ ಅಂದರೆ, ಬೆಂದ ಎಲೆಕೋಸಿನಂತೆ ನಾರುವ ಗಂಧಕದ ವಸ್ತುಗಳನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ. ಎರಡನೇ ಸಲ ಇಳಿಯುವಾಗ ಮೊದಲು ಬರುವುದು ಉಗುರುಬಣ್ಣದ ವಾಸನೆಯ ಭಾಗ, ಕೊನೆಗೆ ಬರುವುದು ಕಮಟು, ಎಣ್ಣೆಜಿಡ್ಡಿನ ಭಾಗ. ಇವೆರಡನ್ನೂ ಬಿಟ್ಟು ನಡುವಿನದ್ದನ್ನು ಮಾತ್ರ ಎತ್ತಿಕೊಳ್ಳುತ್ತಾರೆ. ಎಲ್ಲಿಂದ ಎಲ್ಲಿಯವರೆಗೆ ಅನ್ನುವುದು ಮಾಡುವವರ ಕೈಚಳಕ. ಹೀಗೆ ಸಿಗುವ ಸ್ಪಿರಿಟ್ ಸುಮಾರು 70 ಶೇಕಡಾ ಆಲ್ಕೋಹಾಲ್ ಇರುತ್ತದೆ, ನೀರಿನಷ್ಟೇ ತಿಳಿ. ಬಣ್ಣ ಮುಂದೆ ಬರುವುದು, ಮುಖ್ಯವಾಗಿ ಮರದಿಂದ.

ಪೀಪಾಯಿ ಕೊಡುವುದು

ಸ್ಕಾಚ್ ಅಂತ ಕರೆಸಿಕೊಳ್ಳಬೇಕಾದರೆ ಸ್ಕಾಟ್ಲೆಂಡಿನಲ್ಲೇ, 700 ಲೀಟರ್ ಮೀರದ ಓಕ್ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಇಡಬೇಕು. ಬಾಟಲಿಯಲ್ಲಿ ಆಲ್ಕೋಹಾಲ್ ಕನಿಷ್ಠ 40 ಶೇಕಡಾ ಇರಬೇಕು. ಬಾಟಲಿಯ ಮೇಲೆ 12 ಅಂತ ಬರೆದಿದ್ದರೆ ಒಳಗಿನ ವಿಸ್ಕಿಗಳಲ್ಲಿ ಎಲ್ಲಕ್ಕಿಂತ ಎಳೆಯದು 12 ವರ್ಷದ್ದು ಅಂತ ಅರ್ಥ.

ಅಮೆರಿಕದ ಬೋರ್ಬನ್ ಎಂಬ ವಿಸ್ಕಿಗೆ ಬೇರೆ ಕಾನೂನು. ಅದರ ಧಾನ್ಯದಲ್ಲಿ ಕನಿಷ್ಠ 51 ಶೇಕಡಾ ಮೆಕ್ಕೆಜೋಳ ಇರಬೇಕು, ಪೀಪಾಯಿ ಹೊಸದೇ ಆಗಿರಬೇಕು, ಒಳಮೈ ಸುಟ್ಟಿರಬೇಕು. ಒಮ್ಮೆ ಬಳಸಿದ ಪೀಪಾಯಿ ಬೋರ್ಬನ್ ಮಾಡುವವರಿಗೆ ಮತ್ತೆ ಉಪಯೋಗಕ್ಕೆ ಬರುವುದಿಲ್ಲ. ಅವನ್ನು ಸ್ಕಾಟ್ಲೆಂಡಿಗೆ, ನಮ್ಮ ಬೆಂಗಳೂರಿಗೆ, ಗೋವಾಕ್ಕೆ ಮಾರುತ್ತಾರೆ. ಬಹಳಷ್ಟು ಮಾಲ್ಟ್‌ಗಳಲ್ಲಿ ವೆನಿಲಾ ಸಿಗುವುದರ ಹಿಂದೆ ಅಮೆರಿಕದ ಈ ಒಂದು ಕಾನೂನಿನ ಕೈವಾಡ ಇದೆ.

ವೆನಿಲಾ ಹೇಗೆ ಅಂತ ನಮ್ಮವರಿಗೆ ಹೇಳುವುದು ಸುಲಭ. 2003-04ರ ಸುಮಾರಿಗೆ ವೆನಿಲಾ ಬೆಲೆ ಮುಗಿಲಿಗೇರಿದಾಗ ಮಲೆನಾಡಿನ ಎಷ್ಟೋ ತೋಟಗಳಲ್ಲಿ ಬಳ್ಳಿ ಹಬ್ಬಿತ್ತು. ಆಮೇಲೆ ಬೆಲೆ ಬಿದ್ದು ನೆಲ ಕಚ್ಚಿದ ಕಥೆಯೂ ಗೊತ್ತಿದೆ. ಆಗ ಬಳ್ಳಿ ಸಾಕಿದವರಿಗೆ ನೆನಪಿರುತ್ತದೆ, ಹಸಿರು ಕೋಡಿಗೆ ಪರಿಮಳ ಇರುವುದಿಲ್ಲ. ಬಿಸಿನೀರಿಗೆ ಅದ್ದಿ, ಕಂಬಳಿಯಲ್ಲಿ ಸುತ್ತಿ ಬೆವರಿಸಿ, ವಾರಗಟ್ಟಲೆ ಒಣಗಿಸಿದ ಮೇಲೆ ಅದು ಕಪ್ಪಾಗಿ ಘಮಗುಡುತ್ತದೆ. ಕೋಡಿನೊಳಗೆ ಸಕ್ಕರೆಗೆ ಕಟ್ಟಿಕೊಂಡಿದ್ದ ವೆನಿಲಿನ್ ಈ ಸಂಸ್ಕರಣೆಯಲ್ಲಿ ಬಿಡುಗಡೆ ಆಗುತ್ತದೆ. ಓಕ್ ಮರದಲ್ಲೂ ವೆನಿಲಿನ್ ಬಿಡಿಯಾಗಿ ಸಿಗುವುದು ಕಡಿಮೆ. ಅದರ ಮೂಲ ಲಿಗ್ನಿನ್. ಪೀಪಾಯಿಯ ಒಳಗೆ ಬೆಂಕಿ ಹಾಯಿಸಿದಾಗ ಲಿಗ್ನಿನ್ ಒಡೆದು ವೆನಿಲಿನ್ ಹೊರಬರುತ್ತದೆ, ಆಮೇಲೆ ಆಲ್ಕೋಹಾಲ್ ಅದನ್ನು ನಿಧಾನಕ್ಕೆ ಎಳೆದುಕೊಳ್ಳುತ್ತದೆ. ಕೋಡಿನದ್ದೂ ಮರದ್ದೂ ಒಂದೇ ವಸ್ತು.

ಅದೇ ಬೆಂಕಿ ಮರದ ಸಕ್ಕರೆಗಳನ್ನೂ ಕಂದಿಸುತ್ತದೆ. ಆಲೆಮನೆಯಲ್ಲಿ ಪಾಕ ಜೋನಿಬೆಲ್ಲದ ಹದಕ್ಕೆ ಬರುವಾಗಿನ ಪರಿಮಳ ಅದು. ಅಮೆರಿಕದ ಓಕ್‌ನಲ್ಲಿ ಲ್ಯಾಕ್ಟೋನ್ ಎಂಬ ವಸ್ತು ಜಾಸ್ತಿ, ಒಣಕೊಬ್ಬರಿಯ ಪರಿಮಳ ಅದರಿಂದ. ಲವಂಗ ಬರುವುದು ಯೂಜಿನಾಲ್‌ನಿಂದ. ಯುರೋಪಿನ ಓಕ್‌ನಲ್ಲಿ ಟ್ಯಾನಿನ್ ಜಾಸ್ತಿ, ನಾಲಿಗೆ ಹಿಡಿದುಕೊಳ್ಳುವ ಒಗರು ಅದರದ್ದು. ಸ್ಪೇನಿನ ಶೆರ್ರಿ ವೈನ್ ತುಂಬಿದ್ದ ಪೀಪಾಯಿಯಾದರೆ ಒಣದ್ರಾಕ್ಷಿ, ಖರ್ಜೂರ, ಅಂಜೂರವೂ ಸೇರುತ್ತವೆ.

ನಮ್ಮ ಬಳಗದಲ್ಲಿ ಅಡಿಕೆ ಮಂಡಿಯಲ್ಲಿ ಕೆಲಸ ಮಾಡುವ ಒಬ್ಬ ಗೆಳೆಯನಿದ್ದಾನೆ. ಕೈಗೆ ನಾಲ್ಕು ಅಡಿಕೆ ತಗೊಂಡು ಮುರಿದು ಮೂಸಿದರೆ ಮಾಲು ಹೇಗಿದೆ ಅಂತ ಹೇಳಬಲ್ಲವನು. ಶೆರ್ರಿ ಪೀಪಾಯಿಯ ಒಂದು ಮಾಲ್ಟ್ ಅವನ ಮುಂದೆ ಇಟ್ಟಾಗ ಹೆಸರು ನೋಡದೆ ಒಂದು ಗುಟುಕು ಬಾಯಲ್ಲಿ ತಿರುಗಿಸಿ ಹೇಳಿದ: "ಇದು ಚೊಗರು ಮಾರಾಯ. ಅಡಿಕೆ ಬೇಯೋ ಹಂಡೆ ಪಕ್ಕ ನಿಂತ ಹಾಗಿದೆ." ಪಕ್ಕದಲ್ಲಿದ್ದ ಕಾಲೇಜು ಮೇಷ್ಟ್ರು ಒಪ್ಪಲಿಲ್ಲ. "ಇಲ್ಲ ಮಾರಾಯ, ನಂಗೆ ಖರ್ಜೂರ, ಸ್ವಲ್ಪ ಹುಣಸೆ ಅನ್ಸುತ್ತೆ." ಅಡಿಕೆ ಬೇಯಿಸಿದ ಕೆಂಪು ಚೊಗರಿನಲ್ಲಿ ತುಂಬಿರುವುದು ಟ್ಯಾನಿನ್. ಒಬ್ಬ ಮರವನ್ನು ಹಿಡಿದಿದ್ದ, ಇನ್ನೊಬ್ಬರು ಮರದೊಳಗೆ ಮೊದಲು ಇದ್ದ ವೈನನ್ನು ಹಿಡಿದಿದ್ದರು. ಎರಡೂ ಮಾತು ಸೇರಿದಾಗ ಆ ಪೀಪಾಯಿಯ ಪೂರ್ತಿ ಚರಿತ್ರೆ ಸಿಕ್ಕಿತು. ಒಬ್ಬರೇ ಕುಡಿಯುವುದಕ್ಕಿಂತ ಕೂತು ಹಂಚಿಕೊಳ್ಳುವುದು ನನಗೆ ಹೆಚ್ಚು ಇಷ್ಟ ಆಗುವುದು ಇದಕ್ಕೇ.

ಬೆಂಗಳೂರಿನ ಬಿಸಿಲು ಮಾಡುವ ಕೆಲಸ

ಪೀಪಾಯಿ ಉಸಿರಾಡುತ್ತದೆ. ಬಿಸಿ ಆದಾಗ ಸ್ಪಿರಿಟ್ ಹಿಗ್ಗಿ ಮರದೊಳಗೆ ಇಳಿಯುತ್ತದೆ, ತಣ್ಣಗಾದಾಗ ವಾಪಸ್ ಬರುತ್ತದೆ. ಪ್ರತಿ ವರ್ಷ ಒಂದಿಷ್ಟು ಆವಿಯಾಗಿ ಹೋಗುತ್ತದೆ. ಅದನ್ನು ದೇವತೆಗಳ ಪಾಲು ಅನ್ನುತ್ತಾರೆ. ಸ್ಕಾಟ್ಲೆಂಡಿನಲ್ಲಿ ಇದು ವರ್ಷಕ್ಕೆ ಸುಮಾರು 2 ಶೇಕಡಾ. ಬೆಂಗಳೂರಿನಲ್ಲಿ 10 ಶೇಕಡಾ ದಾಟುತ್ತದೆ.

200 ಲೀಟರ್ ಪೀಪಾಯಿಯ ಲೆಕ್ಕ ಹಾಕಿ ನೋಡಿ. ವರ್ಷಕ್ಕೆ 2 ಶೇಕಡಾ ಹೋದರೆ 12 ವರ್ಷದ ಮೇಲೆ ಸುಮಾರು 157 ಲೀಟರ್ ಉಳಿಯುತ್ತದೆ. ವರ್ಷಕ್ಕೆ 10 ಶೇಕಡಾ ಹೋದರೆ ಉಳಿಯುವುದು ಸುಮಾರು 56 ಲೀಟರ್. ಅಷ್ಟು ಹೊತ್ತಿಗೆ ಮರದ ಒಗರು ಉಳಿದ ಪರಿಮಳವನ್ನೆಲ್ಲ ನುಂಗಿಹಾಕುವ ಅಪಾಯವೂ ಇದೆ. ನಮ್ಮ ದೇಶದ ಹೆಚ್ಚಿನ ಮಾಲ್ಟ್ ಬಾಟಲಿಗಳ ಮೇಲೆ ವಯಸ್ಸು ಬರೆದಿರುವುದಿಲ್ಲ. ಕಡಿಮೆ ವರ್ಷ ಅನ್ನುವ ಕಾರಣಕ್ಕೆ ಅವನ್ನು ಕೆಳಗೆ ಹಾಕುವುದು ತಪ್ಪು. ಇಲ್ಲಿನ ಸೆಕೆಯಲ್ಲಿ ಮರ ಬೇಗ ಬೇಗ ಕೊಡುತ್ತದೆ.

ಕರ್ನಾಟಕದವರು ಹೆಮ್ಮೆಪಡಬೇಕಾದ ವಿಷಯ ಇಲ್ಲಿದೆ. ಬೆಂಗಳೂರಿನ ಅಮೃತ್ ಡಿಸ್ಟಿಲರೀಸ್ 1948ರಲ್ಲಿ ಶುರುವಾದ ಸಂಸ್ಥೆ. ಅವರ ಸಿಂಗಲ್ ಮಾಲ್ಟ್ 2004ರಲ್ಲಿ ಮೊದಲು ಮಾರಾಟಕ್ಕೆ ಬಂದದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ. ಸ್ಕಾಚ್ ಮಾಡುವವರ ಊರಿಗೇ ಹೋಗಿ ಇಟ್ಟರು. ಆಮೇಲೆ ಬಂದ ಅಮೃತ್ ಫ್ಯೂಷನ್‌ಗೆ ಬ್ರಿಟನ್ನಿನ ವಿಮರ್ಶಕ ಜಿಮ್ ಮರ್ರೆ 2010ರ ಆವೃತ್ತಿಯ ತಮ್ಮ ಪಟ್ಟಿಯಲ್ಲಿ 100ಕ್ಕೆ 97 ಅಂಕ ಕೊಟ್ಟು ಜಗತ್ತಿನಲ್ಲೇ ಮೂರನೆಯದು ಅಂದರು. ಅಲ್ಲಿಂದ ಮುಂದೆ ಜಗತ್ತು ಇಂಡಿಯಾದ ಮಾಲ್ಟ್ ಕಡೆ ನೋಡಿತು. ಗೋವಾದ ಪಾಲ್ ಜಾನ್ 2012ರಲ್ಲಿ ಬಂತು, ಉತ್ತರ ಪ್ರದೇಶದ ರಾಂಪುರ, ಹರಿಯಾಣದ ಇಂದ್ರಿ ಆಮೇಲಿನವು.

ಅಂಗಡಿಯಲ್ಲಿ ಕ್ವಾರ್ಟರ್ ಲೆಕ್ಕದಲ್ಲಿ ಹೋಗುವ ಸಾಧಾರಣ ವಿಸ್ಕಿ ಬೇರೆಯೇ ವಸ್ತು. ಅದರಲ್ಲಿ ಹೆಚ್ಚಿನದು ಸಕ್ಕರೆ ಕಾರ್ಖಾನೆಯ ಕಾಕಂಬಿಯಿಂದಲೋ ಧಾನ್ಯದಿಂದಲೋ ತೆಗೆದ, ಪರಿಮಳವೆಲ್ಲ ಕಳೆದು ಶುದ್ಧ ಮಾಡಿದ ಸ್ಪಿರಿಟ್. ಅದಕ್ಕೆ ಸ್ವಲ್ಪ ಮಾಲ್ಟ್ ಬೆರೆಸುತ್ತಾರೆ. ಕಾಕಂಬಿಯದ್ದನ್ನು ಯುರೋಪಿನಲ್ಲಿ ವಿಸ್ಕಿ ಅಂತ ಮಾರುವ ಹಾಗಿಲ್ಲ. ಅದನ್ನು ಕುಡಿಯುವವರನ್ನು ಕೀಳಾಗಿ ನೋಡುವ ಅಭ್ಯಾಸ ನನಗೆ ಸೇರುವುದಿಲ್ಲ. ಆದರೆ ಅದರಲ್ಲಿ ಹಣ್ಣು, ಲವಂಗ ಹುಡುಕಿ ಸಿಗದಿದ್ದರೆ ಮೂಗಿನ ತಪ್ಪಲ್ಲ ಅಂತ ತಿಳಿದಿರಬೇಕು. ಆ ಬಾಟಲಿಗಳ ಮೇಲಿನ 42.8 ಶೇಕಡಾ ಎಂಬ ವಿಚಿತ್ರ ಅಂಕಿಯನ್ನೂ ನೋಡಿರುತ್ತೀರಿ. ಬ್ರಿಟಿಷರ ಹಳೆಯ ಅಳತೆಯಲ್ಲಿ 100 ಪ್ರೂಫ್ ಅಂದರೆ 57.1 ಶೇಕಡಾ. ಅದರ ಮುಕ್ಕಾಲು ಪಾಲು, ಅಂದರೆ 75 ಪ್ರೂಫ್, 42.8 ಆಗುತ್ತದೆ.

ಕೂತು ನೋಡುವ ಕ್ರಮ

ಮೊದಲು ಎಲೆ-ಅಡಿಕೆ ಬಿಡಿ. ಇದನ್ನು ನಮ್ಮ ಕಡೆ ಗಟ್ಟಿಯಾಗಿಯೇ ಹೇಳಬೇಕಾಗುತ್ತದೆ. ಸುಣ್ಣ, ತಂಬಾಕು, ಅಡಿಕೆಯ ಒಗರು ಹಿಡಿದ ಬಾಯಿಗೆ ಗಂಟೆಗಟ್ಟಲೆ ಬೇರೇನೂ ತಿಳಿಯುವುದಿಲ್ಲ. ಕೂರುವ ಕೋಣೆಯಲ್ಲಿ ಊದುಬತ್ತಿ, ಸೊಳ್ಳೆಬತ್ತಿ ಬೇಡ. ಮೀನು ಹುರಿಯುವುದಿದ್ದರೆ ಆಮೇಲೆ ಹುರಿಯಿರಿ.

ಗ್ಲಾಸು ಕೆಳಗೆ ದಪ್ಪ, ಬಾಯಿ ಕಿರಿದು ಇರಬೇಕು. ಪರಿಮಳ ಒಟ್ಟಾಗಿ ಮೂಗಿಗೆ ಬರುತ್ತದೆ. ಅಗಲ ಬಾಯಿಯ ಗ್ಲಾಸಿನಲ್ಲಿ ಅದು ಚದುರಿ ಹೋಗುತ್ತದೆ. 15 ಎಂಎಲ್ ಸಾಕು. ಸುರಿದು ಐದು-ಹತ್ತು ನಿಮಿಷ ಸುಮ್ನೆ ಬಿಡಿ, ಘಾಟು ಸ್ವಲ್ಪ ಹಾರಿಹೋಗಲಿ. ಮೂಗನ್ನು ಒಳಗೆ ತೂರಿಸಬೇಡಿ. ಗ್ಲಾಸನ್ನು ಗಲ್ಲದ ಹತ್ತಿರ ಹಿಡಿದು, ಬಾಯಿ ಸ್ವಲ್ಪ ತೆರೆದು, ಮೆಲ್ಲಗೆ ಉಸಿರು ತಗೊಳ್ಳಿ. ಬಾಯಿ ತೆರೆದಿದ್ದರೆ ಆಲ್ಕೋಹಾಲಿನ ಹೊಡೆತ ಕಡಿಮೆ ಆಗುತ್ತದೆ. ಮೊದಲು ಎಡ ಹೊಳ್ಳೆ, ಆಮೇಲೆ ಬಲ ಹೊಳ್ಳೆ. ಎರಡಕ್ಕೂ ಒಂದೇ ಪರಿಮಳ ಸಿಗಬೇಕು ಅಂತೇನಿಲ್ಲ. ಮೂಗು ದಣಿದರೆ ನಿಮ್ಮದೇ ತೋಳಿನ ಚರ್ಮ ಮೂಸಿ, ಮತ್ತೆ ಗ್ಲಾಸಿಗೆ ಬನ್ನಿ.

ಬಾಯಿಗೆ ಮೊದಲ ಗುಟುಕು ಬರೀ ಪರಿಚಯ ಅಷ್ಟೇ. ನಾಲಿಗೆ ಆಲ್ಕೋಹಾಲಿಗೆ ಹೊಂದಿಕೊಳ್ಳಲಿ. ಎರಡನೆಯ ಗುಟುಕಿನಿಂದ ತೀರ್ಮಾನ ಶುರು.

ಆಮೇಲೆ ನೀರು. ನೀರು ಹಾಕಿದರೆ ವಿಸ್ಕಿ ಕೆಡುತ್ತದೆ ಅನ್ನುವವರು ಬಹಳ ಇದ್ದಾರೆ. ಸ್ವೀಡನ್ನಿನ ಲಿನೇಯಸ್ ವಿಶ್ವವಿದ್ಯಾಲಯದ ಇಬ್ಬರು ವಿಜ್ಞಾನಿಗಳು 2017ರಲ್ಲಿ ಕಂಪ್ಯೂಟರಿನಲ್ಲಿ ಇದನ್ನು ಲೆಕ್ಕ ಹಾಕಿ ತೋರಿಸಿದರು. ಆಲ್ಕೋಹಾಲ್ 59 ಶೇಕಡಾಕ್ಕಿಂತ ಜಾಸ್ತಿ ಇದ್ದಾಗ ಹೊಗೆಯ ಗ್ವಾಯಕಾಲ್ ಅಣುಗಳನ್ನು ಆಲ್ಕೋಹಾಲ್ ಸುತ್ತುವರಿದು ಒಳಗೇ ಇಟ್ಟುಕೊಳ್ಳುತ್ತದೆ. 45 ಶೇಕಡಾ ಅಥವಾ ಅದಕ್ಕಿಂತ ಕೆಳಗೆ ಇಳಿದಾಗ ಆ ಅಣುಗಳು ದ್ರವದ ಮೇಲ್ಮೈಗೆ ಬರುತ್ತವೆ, ಅಂದರೆ ಮೂಗಿಗೆ ಹತ್ತಿರ. ಹಾಗಾಗಿ ಮೊದಲು ಹಾಗೇ ನೋಡಿ. ಆಮೇಲೆ ಚಮಚದಿಂದ ನಾಲ್ಕು ಹನಿ, ಮತ್ತೆ ನಾಲ್ಕು ಹನಿ. ಪ್ರತಿ ಸಲ ಮೂಸಿ. ಐಸ್ ಬೇಡ ಅನ್ನುವುದು ಪರಿಮಳ ನೋಡುವ ಹೊತ್ತಿಗೆ ಮಾತ್ರ. ತಣ್ಣಗಾದಷ್ಟೂ ಪರಿಮಳ ಮೇಲೆ ಏಳುವುದಿಲ್ಲ, ನಾಲಿಗೆಯೂ ಮಂಕಾಗುತ್ತದೆ. ಆಮೇಲೆ ನಿಮ್ಮಿಷ್ಟ.

ಒಂದು ಸಂಜೆಗೆ ಮೂರು ಬಗೆ ಸಾಕು, ಒಂದೊಂದು 15 ಎಂಎಲ್. ಹಗುರದ್ದು ಮೊದಲು, ಹೊಗೆಯದ್ದು ಕೊನೆಗೆ. ಇದಕ್ಕಿಂತ ಜಾಸ್ತಿ ಆದರೆ ಮೂಗು ಹೇಳುವುದನ್ನು ನಂಬಲು ಆಗುವುದಿಲ್ಲ. ಕುಡಿದ ಮೇಲೆ ಗಾಡಿ ಮುಟ್ಟಬಾರದು. ಆಗುಂಬೆ, ಹುಲಿಕಲ್ ಘಾಟಿಯ ತಿರುವುಗಳಲ್ಲಂತೂ ಎಷ್ಟು ಕುಡಿದಿದ್ದೀರಿ ಅನ್ನುವ ಲೆಕ್ಕಕ್ಕೆ ಬೆಲೆ ಇಲ್ಲ. ಸ್ವಲ್ಪ ಕುಡಿದರೆ ಆರೋಗ್ಯಕ್ಕೆ ಒಳ್ಳೆಯದು ಅನ್ನುವ ಮಾತನ್ನೂ ನಂಬಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಆಲ್ಕೋಹಾಲನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲಿ ಇಟ್ಟಿದೆ. ಇದು ರುಚಿಗಾಗಿ, ಅದೂ ಸ್ವಲ್ಪವೇ.

ಅನುಭವ ಹಂಚಿಕೊಳ್ಳುವುದು

ನಮ್ಮ ಬಳಗದಲ್ಲಿ ಒಂದು ನಿಯಮ ಇದೆ. ಎಲ್ಲರೂ ತಮ್ಮ ತಮ್ಮ ಚೀಟಿಯಲ್ಲಿ ಬರೆದು ಮುಗಿಸುವವರೆಗೆ ಯಾರೂ ಬಾಯಿ ಬಿಡುವಂತಿಲ್ಲ. ಒಬ್ಬರು 'ಹುಣಸೆ' ಅಂದರೆ ಸಾಕು, ಉಳಿದವರ ಮೂಗಿಗೂ ಹುಣಸೆಯೇ ಬರುತ್ತದೆ. ದುಬಾರಿ ಬಾಟಲಿ ಕಂಡರೂ ಹಾಗೇ, ಮೂಗಿಗಿಂತ ಮೊದಲು ಬೆಲೆ ಮಾತಾಡುತ್ತದೆ. ಬಾಟಲಿಯನ್ನು ಮರೆಯಲ್ಲಿಟ್ಟು ಸುರಿಯುವುದೇ ಒಳ್ಳೆಯದು.

ನಾನು ಬರೆಯುವ ಚೀಟಿ ಹೀಗಿರುತ್ತದೆ. ಅಮೃತ್ ಫ್ಯೂಷನ್, 50 ಶೇಕಡಾ. ನಮ್ಮ ದೇಶದ ಬಾರ್ಲಿ ಜೊತೆ ಸ್ಕಾಟ್ಲೆಂಡಿನ ಪೀಟ್ ಹೊಗೆ ಹಾಕಿದ ಬಾರ್ಲಿ. ಬಾಟಲಿ ಅರ್ಧ ಖಾಲಿ. ನೀರಿಲ್ಲದೆ: ಮೊದಲು ಹುರಿಹಿಟ್ಟು, ಹಿಂದೆಯೇ ಜೋನಿಬೆಲ್ಲ. ಹೊಗೆ ಇದೆ, ಪಕ್ಕದ ಮನೆಯ ಬಚ್ಚಲ ಒಲೆಯಷ್ಟು ದೂರದಲ್ಲಿ. ಆಸ್ಪತ್ರೆ ವಾಸನೆ ಇಲ್ಲ. ಬಾಯಲ್ಲಿ ಸಿಹಿ ಬೇಗ ಮುಗಿದು ಕಾಳುಮೆಣಸಿನ ಖಾರ. ನಾಲ್ಕು ಹನಿ ನೀರು ಹಾಕಿದ ಮೇಲೆ: ಕಿತ್ತಳೆ ಸಿಪ್ಪೆ, ವೆನಿಲಾ, ಹೊಗೆ ಹತ್ತಿರ ಬಂತು. ನುಂಗಿದ ಮೇಲೆ ಉಳಿಯುವುದು ಒಗರು ಮತ್ತು ಬೂದಿ, ತುಂಬಾ ಹೊತ್ತು.

ಇದರಲ್ಲಿ ಅಂಕ ಇಲ್ಲ. 84ಕ್ಕೂ 87ಕ್ಕೂ ಏನು ವ್ಯತ್ಯಾಸ ಅಂತ ನನಗೆ ಯಾರೂ ಅರ್ಥವಾಗುವಂತೆ ಹೇಳಿಲ್ಲ. ಜಿಮ್ ಮರ್ರೆಯ 97 ಅಮೃತ್‌ಗೆ ದಾರಿ ಮಾಡಿಕೊಟ್ಟಿತು, ಅದು ಸಂತೋಷದ ವಿಷಯ. ಆದರೆ ನಾಳೆ ಬಾಟಲಿ ಕೊಳ್ಳುವ ಗೆಳೆಯನಿಗೆ 97 ಅನ್ನುವುದಕ್ಕಿಂತ 'ಬಚ್ಚಲ ಒಲೆ ದೂರದಲ್ಲಿದೆ' ಅನ್ನುವುದು ಜಾಸ್ತಿ ಕೆಲಸಕ್ಕೆ ಬರುತ್ತದೆ. ಎಷ್ಟು ಶೇಕಡಾ, ನೀರು ಹಾಕಿದ್ದೋ ಇಲ್ಲವೋ, ಬಾಟಲಿ ತೆರೆದು ಎಷ್ಟು ದಿನ ಆಯಿತು ಅನ್ನುವ ಮೂರು ವಿಷಯ ಮಾತ್ರ ಬಿಡಬಾರದು. ಇವಿಲ್ಲದೆ ಇಬ್ಬರ ಅನಿಸಿಕೆಯನ್ನು ಒಂದರ ಪಕ್ಕ ಒಂದು ಇಟ್ಟು ನೋಡಲು ಆಗುವುದಿಲ್ಲ.

ಪರಿಮಳಕ್ಕೆ ಹೆಸರು ಸಿಗದೆ ಒದ್ದಾಡುವವರಿಗೆ ಒಂದು ಉಪಾಯ ಹೇಳುತ್ತೇನೆ. ದೊಡ್ಡದರಿಂದ ಸಣ್ಣದಕ್ಕೆ ಬನ್ನಿ. ಹಣ್ಣೋ, ಸಾಂಬಾರ ಪದಾರ್ಥವೋ, ಮರವೋ, ಹೊಗೆಯೋ? ಹಣ್ಣಾದರೆ ತಾಜಾನೋ ಒಣಗಿದ್ದೋ? ತಾಜಾ ಆದರೆ ಹುಳಿ ಕಡೆಯದೋ ಸಿಹಿ ಕಡೆಯದೋ? ಹುಳಿ ಆದರೆ ನಿಂಬೆಯೋ, ಅಪ್ಪೆಮಿಡಿಯ ಸೊನೆಯೋ, ಮುರುಗಲೋ? ನಾಲ್ಕನೇ ಪ್ರಶ್ನೆಯ ಹೊತ್ತಿಗೆ ಮೂಗು ತಾನಾಗಿ ಉತ್ತರ ಕೊಡುತ್ತದೆ. ಅಡುಗೆಮನೆಯ ಸಾಂಬಾರ ಡಬ್ಬಿಯನ್ನು ಪಕ್ಕದಲ್ಲಿ ಇಟ್ಟುಕೊಂಡು ಲವಂಗ, ಜಾಯಿಕಾಯಿ, ಚಕ್ಕೆಯನ್ನು ಒಂದೊಂದಾಗಿ ಮೂಸಿ ಹೋಲಿಸಿದರೆ ಇನ್ನೂ ಬೇಗ ಕಲಿಯಬಹುದು. ಕೆಟ್ಟದ್ದನ್ನೂ ಬರೆಯಿರಿ. ಮುಗ್ಗಲು ವಾಸನೆ, ಸೀದ ವಾಸನೆ, ಬೆಂಕಿಕಡ್ಡಿ ಗೀರಿದ ಗಂಧಕದ ವಾಸನೆ ಬಂದರೆ ಮುಚ್ಚಿಡಬೇಡಿ. ಗಂಧಕದ ವಾಸನೆ ಶೆರ್ರಿ ಪೀಪಾಯಿಯಿಂದಲೂ ಬರುತ್ತದೆ, ಕೆಲವರಿಗೆ ಅದು ಇಷ್ಟ, ಕೆಲವರಿಗೆ ಆಗುವುದೇ ಇಲ್ಲ.

ಬಾಟಲಿ ತೆರೆದ ದಿನ ಬರೆದಿಡಿ ಅಂದೆನಲ್ಲ, ಅದಕ್ಕೆ ಕಾರಣ ಗಾಳಿ. ವೈನ್ ಬಾಟಲಿ ತುಂಬಿದ ಮೇಲೂ ಬದಲಾಗುತ್ತದೆ, ವಿಸ್ಕಿ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಮುಚ್ಚಳ ತೆಗೆದ ಮೇಲೆ ಮಾತ್ರ ಬದಲಾವಣೆ ಶುರುವಾಗುತ್ತದೆ. ಕಾಲು ಭಾಗ ಉಳಿದ ಬಾಟಲಿಯಲ್ಲಿ ಮುಕ್ಕಾಲು ಗಾಳಿ ಇರುತ್ತದೆ. ತಿಂಗಳುಗಟ್ಟಲೆ ಇಟ್ಟರೆ ಹಣ್ಣಿನ ಪರಿಮಳ ಮೆಲ್ಲಗೆ ಸೊರಗುತ್ತದೆ, ಹೊಗೆಯೂ ಮಂಕಾಗುತ್ತದೆ. ಹಾಗಾಗಿ ಕೊನೆಯ ಭಾಗವನ್ನು ತೊಳೆದು ಒಣಗಿಸಿದ ಸಣ್ಣ ಗಾಜಿನ ಬಾಟಲಿಗೆ ಕತ್ತಿನವರೆಗೆ ತುಂಬಿ ಇಡಿ. ಬಿಸಿಲು ಬೀಳದ ಕಡೆ, ನೇರ ನಿಲ್ಲಿಸಿಯೇ ಇಡಿ. ಅಡ್ಡ ಮಲಗಿಸಿದರೆ ಆಲ್ಕೋಹಾಲ್ ಕಾರ್ಕನ್ನು ತಿಂದು ಪುಡಿ ಮಾಡುತ್ತದೆ. ಅದೇ ಬಾಟಲಿಯ ಬಗ್ಗೆ ಹೊಸ ಚೀಟಿ ಬರೆಯುವ ಮೊದಲು ಹಳೆಯ ಚೀಟಿ ಓದಬೇಡಿ. ಬರೆದಾದ ಮೇಲೆ ಎರಡನ್ನೂ ಪಕ್ಕದಲ್ಲಿ ಇಟ್ಟು ನೋಡಿ.